ಎದುರಿಗೆ ಯಾರರ ಅದಾರೇನು? ಗಂಗಾವತಿಯ ಒಂದು ಕಮಾಂಡ್ ಲೈನ್ ಉಪಕರಣದ ಪ್ರಕರಣ

ನವೆಂಬರ್ ತಿಂಗಳ ಒಂದು ಮಧ್ಯಾಹ್ನ. ಮುಂಗಾರಿನ ಭತ್ತ ಮಿಲ್ಲುಗಳಿಗೆ ಬಂದು ಬೀಳುತ್ತಿದ್ದ ಹೊತ್ತು. ನಮ್ಮಲ್ಲಿ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿ ಕಾರಟಗಿಯ ಮಿಲ್ಲೊಂದರ ಅವತ್ತಿನ ಲೆಕ್ಕವನ್ನೆಲ್ಲ ಒಂದೇ ಸಾಲಿನ ಆಜ್ಞೆಯಲ್ಲಿ ಅಳಿಸಿಬಿಟ್ಟಳು. ತಪ್ಪು ನಾವು ಅವಳ ಕೈಗೆ ಕೊಟ್ಟಿದ್ದ ಸ್ಕ್ರಿಪ್ಟಿನದು, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತದ್ದು, ಎಂದು ಒಪ್ಪಿಕೊಳ್ಳಲು ನಮಗೆ ಎರಡು ದಿನ ಬೇಕಾಯಿತು. ಆ ಸ್ಕ್ರಿಪ್ಟಿನ ಜಾಗಕ್ಕೆ ಒಂದು ಸರಿಯಾದ ಉಪಕರಣ ತರುವ ಕೆಲಸ ಬೇಸಿಗೆ ಬೆಳೆ ಕೊಯ್ಲಿಗೆ ಬರುವವರೆಗೂ ಎಳೆಯಿತು.

ನಾವು ಆರು ಮಂದಿ. ಗಂಗಾವತಿಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಅಕ್ಕಿ ಮಿಲ್ಲುಗಳ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ: ಕಾಂಟಾ ಚೀಟಿ (ಲಾರಿ ತೂಕದ ಚೀಟಿ), ಭತ್ತದ ಖರೀದಿ, ಹಮಾಲಿ, ಅಕ್ಕಿ-ನುಚ್ಚು-ತೌಡಿನ ಇಳುವರಿ, ಬಿಲ್ಲು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹೋದಲ್ಲೆಲ್ಲ ನಮ್ಮ ಗಿರಾಕಿಗಳಿದ್ದಾರೆ. ಇಲ್ಲಿ ಭತ್ತದ ದರ ಮಾತಾಡುವುದೇ 75 ಕೆಜಿ ಚೀಲದ ಲೆಕ್ಕದಲ್ಲಿ. ಬೇರೆ ಊರಲ್ಲಿ ಬರೆದ ಸಾಫ್ಟ್‌ವೇರ್ ಕ್ವಿಂಟಲ್ ಬಿಟ್ಟು ಬೇರೇನೂ ಗೊತ್ತಿಲ್ಲದಂತೆ ಕೂತಿರುತ್ತದೆ, ಅದಕ್ಕೇ ನಮಗೂ ಒಂದಿಷ್ಟು ಅನ್ನ ಸಿಗುತ್ತಿದೆ.

ಪ್ರತಿ ಮಿಲ್ಲಿಗೂ ಅದರದೇ ಕಂಪ್ಯೂಟರ್, ಅದರದೇ ಪೋಸ್ಟ್‌ಗ್ರೆಸ್ ಡೇಟಾಬೇಸ್. ಒಂದೇ ಕಡೆ ಕ್ಲೌಡಿನಲ್ಲಿಡಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ ಎರಡು. ತಮ್ಮ ಖರೀದಿಯ ಲೆಕ್ಕ ಬೇರೆಯವರ ಮಷಿನ್ನಿನಲ್ಲಿರುವುದು ಮಾಲೀಕರಿಗೆ ಸೇರುವುದಿಲ್ಲ. ಇಂಟರ್‌ನೆಟ್ ಹೋದರೂ ಲಾರಿ ಕಾಂಟಾದ ಮೇಲೆ ಬಂದು ನಿಲ್ಲುವುದು ನಿಲ್ಲುವುದಿಲ್ಲ. ಹಾಗಾಗಿ ಹೊಸ ಆವೃತ್ತಿ ಹಾಕುವುದು, ಬ್ಯಾಕಪ್ ತೆಗೆಯುವುದು, ಅದನ್ನು ವಾಪಸು ತುಂಬುವುದು ಅಂದರೆ ರಿಸ್ಟೋರ್ ಮಾಡುವುದು ಎಲ್ಲವೂ ಮಿಲ್ಲಿಗೊಂದರಂತೆ ಆಗಬೇಕು. ಇದಕ್ಕೆಂದು ನಮ್ಮ ಹಿರಿಯರು, ನಾವೆಲ್ಲ ಅಣ್ಣ ಎನ್ನುವವರು, ವರ್ಷಗಳ ಹಿಂದೆಯೇ ಒಂದಷ್ಟು ಸ್ಕ್ರಿಪ್ಟ್ ಬರೆದಿಟ್ಟಿದ್ದರು. ಯಾವುದನ್ನು ಯಾವುದರ ಹಿಂದೆ ಓಡಿಸಬೇಕೆಂಬ 17 ಹೆಜ್ಜೆಗಳ ಹಾಳೆ ಗೋಡೆಗೆ ಅಂಟಿಸಿತ್ತು. ಅದರ ಒಂಬತ್ತನೇ ಹೆಜ್ಜೆಯ ಪಕ್ಕ ಪೆನ್ನಿನಲ್ಲಿ ‘ಅಣ್ಣನ್ನ ಕೇಳು’ ಎಂದಿತ್ತು.

ಅವತ್ತು ಆದದ್ದಿಷ್ಟು. ಹುಡುಗಿಯ ಪರದೆಯ ಮೇಲೆ ಎರಡು ಟರ್ಮಿನಲ್, ಅಂದರೆ ಆಜ್ಞೆ ಟೈಪು ಮಾಡುವ ಕಿಟಕಿ, ತೆರೆದಿದ್ದವು. ಒಂದು ನಮ್ಮ ಪರೀಕ್ಷಾ ಮಷಿನ್ನಿನದು, ಇನ್ನೊಂದು ಕಾರಟಗಿ ಮಿಲ್ಲಿನದು. ಎರಡಕ್ಕೂ ಕಪ್ಪು ಹಿನ್ನೆಲೆ, ಎರಡರಲ್ಲೂ ಅದೇ ಬಳಕೆದಾರ ಹೆಸರು. ಪರೀಕ್ಷೆಗೆಂದು ಹಳೆಯ ಬ್ಯಾಕಪ್ಪೊಂದನ್ನು ರಿಸ್ಟೋರ್ ಮಾಡಲು ಹೋಗಿ ಆಜ್ಞೆಯನ್ನು ಮಿಲ್ಲಿನ ಕಿಟಕಿಯಲ್ಲಿ ಹೊಡೆದಳು. ಸ್ಕ್ರಿಪ್ಟ್ ಒಳಗಡೆ ಪೋಸ್ಟ್‌ಗ್ರೆಸ್‌ನ ರಿಸ್ಟೋರ್ ಉಪಕರಣವಾದ ಪಿಜಿ-ರಿಸ್ಟೋರನ್ನು ‘ಕ್ಲೀನ್’ ಆಯ್ಕೆಯೊಂದಿಗೆ ಕರೆಯುತ್ತಿತ್ತು. ಅಂದರೆ ಮೊದಲು ಇದ್ದ ಟೇಬಲ್‌ಗಳನ್ನು ಕಿತ್ತುಹಾಕು, ಆಮೇಲೆ ಹೊಸದು ಕಟ್ಟು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಬೆಳಗಿನಿಂದಾಚೆಗಿನದು ಹೋಯಿತು. ಉಳಿಸಿದ್ದು ಕಾರ್ಬನ್ ಪ್ರತಿ. ಮಿಲ್ಲಿನ ಗುಮಾಸ್ತರು ಒಂದೊಂದೇ ಕಾಂಟಾ ಚೀಟಿ ಓದುತ್ತ ಹೋದರು, ನಾವಿಬ್ಬರು ರಾತ್ರಿ ಒಂದೂವರೆಯವರೆಗೆ ಟೈಪು ಮಾಡುತ್ತ ಕೂತೆವು. ಬೈಯಲಿಲ್ಲ ಪುಣ್ಯಾತ್ಮರು. ಎರಡು ಸಲ ಚಹಾ ತರಿಸಿದರು, ಅದು ಬೈಗುಳಕ್ಕಿಂತ ಚುರುಕು ಮುಟ್ಟಿಸಿತು.

ಮರುದಿನ ಎಲ್ಲರೂ ಕೂತು ಸ್ಕ್ರಿಪ್ಟ್ ತೆರೆದು ನೋಡಿದಾಗ ನನಗೆ ಆಶ್ಚರ್ಯವಾದದ್ದು ಒಂದೇ ಸಂಗತಿ. ಸ್ಕ್ರಿಪ್ಟ್ ಕೇಳಿತ್ತು. ‘ಖಚಿತವೇ? ವೈ ಅಥವಾ ಎನ್’ ಎಂದು ಕೇಳಿತ್ತು, ಅವಳು ವೈ ಒತ್ತಿದ್ದಳು. ಪರೀಕ್ಷಾ ಮಷಿನ್ನಿನಲ್ಲಿ ದಿನಕ್ಕೆ ಹತ್ತು ಸಲ ಅದೇ ಪ್ರಶ್ನೆಗೆ ಅದೇ ವೈ ಒತ್ತಿ ಬೆರಳಿಗೆ ದಾರಿ ಬಿದ್ದುಹೋಗಿತ್ತು. ಬಾಗಿಲಲ್ಲಿ ‘ಯಾರದು?’ ಎಂದು ಕೇಳಿ, ಉತ್ತರ ಬರುವ ಮೊದಲೇ ಚಿಲಕ ತೆಗೆಯುವ ಮನೆಯಂತಿತ್ತು ನಮ್ಮ ಎಚ್ಚರಿಕೆ.

ಇಂಥದ್ದು ನಮ್ಮಂಥ ಮಹಡಿ ಮೇಲಿನ ಆಫೀಸಿನಲ್ಲಿ ಮಾತ್ರ ಆಗುವುದಲ್ಲ. 2017ರ ಫೆಬ್ರವರಿ 28ರಂದು ಬೇರೆಯವರ ಕಡತಗಳನ್ನು ಇಟ್ಟುಕೊಳ್ಳುವ ಅಮೆಜಾನ್‌ನ ಎಸ್-ತ್ರೀ ಸೇವೆ ಅಮೆರಿಕದ ಉತ್ತರ ವರ್ಜೀನಿಯಾ ವಲಯದಲ್ಲಿ ತಾಸುಗಟ್ಟಲೆ ಬಿದ್ದುಹೋಗಿತ್ತು. ಕೆಲವೇ ಸರ್ವರ್‌ಗಳನ್ನು ತೆಗೆಯಬೇಕಿದ್ದ ಆಜ್ಞೆಯೊಂದರಲ್ಲಿ ಒಂದು ಮೌಲ್ಯ ತಪ್ಪಾಗಿ ಟೈಪಾಗಿ, ತೆಗೆಯಬೇಕಾದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೊರಬಿದ್ದಿದ್ದವು. ಕಂಪನಿಯೇ ಕೊಟ್ಟ ವಿವರಣೆಯಲ್ಲಿ ನನಗೆ ಹಿಡಿಸಿದ್ದು ಅವರು ಮಾಡಿದ ದುರಸ್ತಿ. ಸರ್ವರ್‌ಗಳನ್ನು ನಿಧಾನವಾಗಿ ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಹೋಗುವುದಾದರೆ ತಡೆಯುವಂತೆ ಉಪಕರಣವನ್ನೇ ಬದಲಾಯಿಸಿದ್ದರು. ಆಗ ಇದನ್ನು ಓದಿ ನಾನು ತಲೆಯಾಡಿಸಿದ್ದೆ. ನಮ್ಮ ಮನೆಗೆ ಬಂದಾಗ ಮಾತ್ರ ಅರ್ಥವಾಗುವ ಪಾಠಗಳಿರುತ್ತವೆ.

14 ಪ್ರಶ್ನೆಗಳ ಮೊದಲ ಆವೃತ್ತಿ

ಹೊಸ ಉಪಕರಣಕ್ಕೆ ‘ಮೊರ’ ಎಂದು ಹೆಸರಿಟ್ಟೆವು. ಕಾಳು ಜೊಳ್ಳು ಬೇರೆ ಮಾಡುವ ಮೊರ. ಹೆಸರು ಸೂಚಿಸಿದ್ದು ಅದೇ ಹುಡುಗಿ, ಬರೆಯುವ ಕೆಲಸದ ಬಹುಪಾಲು ಹೊತ್ತಿದ್ದೂ ಅವಳೇ. ಭಾಷೆ ಪೈಥಾನ್, ಆಜ್ಞೆಗಳ ಚೌಕಟ್ಟಿಗೆ ಕ್ಲಿಕ್, ಪ್ರಶ್ನೆ ಕೇಳುವುದಕ್ಕೆ ಕ್ವೆಶ್ಚನರಿ ಎಂಬ ಸಿದ್ಧ ಲೈಬ್ರರಿಗಳು. ಇದರಲ್ಲಿ ಚರ್ಚೆಗೆ ಏನೂ ಇರಲಿಲ್ಲ, ನಮ್ಮ ಉಳಿದ ಕೆಲಸವೂ ಪೈಥಾನಿನಲ್ಲೇ ಇತ್ತು.

ಸುಟ್ಟ ಕೈ, ಹಾಗಾಗಿ ಮೊದಲ ಆವೃತ್ತಿ ಎಲ್ಲವನ್ನೂ ಕೇಳುತ್ತಿತ್ತು. ಯಾವ ಮಿಲ್ಲು? ಬಾಣದ ಕೀಲಿ ಒತ್ತಿ ಆರಿಸು. ಯಾವ ಆವೃತ್ತಿ? ಬ್ಯಾಕಪ್ ತೆಗೆಯಲೇ? ಎಲ್ಲಿಡಲಿ? ಸೇವೆ ನಿಲ್ಲಿಸಲೇ? ಮತ್ತೆ ಶುರು ಮಾಡಲೇ? ಎಣಿಸಿದರೆ 14 ಪ್ರಶ್ನೆ. ಹಸಿರು ಟಿಕ್ಕು, ಹಳದಿ ಎಚ್ಚರಿಕೆ, ಜಾತ್ರೆಯ ಸೀರಿಯಲ್ ಸೆಟ್ಟಿನ ಹಾಗೆ ಬಣ್ಣ. ಹೊಸಬರಿಗೆ ಬಹಳ ಇಷ್ಟವಾಯಿತು. ಅಣ್ಣ ಎರಡು ದಿನ ಬಳಸಿ ತಮ್ಮ ಹಳೇ ಸ್ಕ್ರಿಪ್ಟಿಗೇ ವಾಪಸು ಹೋದರು.

“ಇದಕ್ಕ ಉತ್ತರ ಕೊಡೋದ್ರಾಗ ನಾನು ಎರಡು ಮಿಲ್ಲಿನ ಕೆಲಸ ಮುಗಸ್ತೀನಿ. ಮಷಿನ್‌ಗೆ ಗೊತ್ತಿರೋದನ್ನ ನನಗ್ಯಾಕ ಕೇಳ್ತೈತಿ?”

ಹಳಬರ ಹಠ ಎಂದುಕೊಂಡೆವು. ಆದರೆ ಆ 14 ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದು ಒಂದೊಂದರ ಎದುರಿಗೂ ‘ಇದರ ಉತ್ತರ ಯಾರಿಗೆ ಗೊತ್ತು?’ ಎಂದು ಕೇಳಿಕೊಂಡಾಗ 11ಕ್ಕೆ ಉತ್ತರ ಮಷಿನ್ನಿಗೇ ಗೊತ್ತಿತ್ತು. ಮಿಲ್ಲಿನಲ್ಲಿ ಈಗಿರುವ ಆವೃತ್ತಿ ಡೇಟಾಬೇಸಿನಲ್ಲೇ ಇದೆ. ಬ್ಯಾಕಪ್ ತೆಗೆಯಲೇ ಎಂಬುದಕ್ಕೆ ಇಲ್ಲ ಎನ್ನುವ ಸಂದರ್ಭವೇ ಇಲ್ಲ. ಮನುಷ್ಯನನ್ನು ಕೇಳಬೇಕಾದ್ದು ಮೂರೇ: ಯಾವ ಮಿಲ್ಲು, ಏನು ಮಾಡಬೇಕು, ಯಾಕೆ. ‘ಯಾಕೆ’ ಎಂಬುದರ ಉತ್ತರ ದಿನಚರಿ ಕಡತಕ್ಕೆ ಹೋಗುತ್ತದೆ. ಮುಂದೆ ಅದೇ ಎಲ್ಲಕ್ಕಿಂತ ಹೆಚ್ಚು ಓದಿಸಿಕೊಂಡ ಕಡತವಾಯಿತು.

ಅಣ್ಣನಿಗೆಂದು ಇನ್ನೊಂದು ಬದಲಾವಣೆ. ಗೊತ್ತಿದ್ದವರು ಎಲ್ಲವನ್ನೂ ಆಜ್ಞೆಯ ಸಾಲಿನಲ್ಲೇ ಬರೆಯಬಹುದು. ಬರೆಯದೆ ಬಿಟ್ಟದ್ದನ್ನಷ್ಟೇ ಮೊರ ಕೇಳುತ್ತದೆ. ಹೊಸಬರು ಪ್ರಶ್ನೆಗಳ ದಾರಿಯಲ್ಲಿ ಬಂದರೆ, ಕೆಲಸ ಶುರುವಾಗುವ ಮೊದಲು ‘ನೀವು ಹೇಳಿದ್ದನ್ನು ಒಂದೇ ಸಾಲಿನಲ್ಲಿ ಹೀಗೆ ಬರೆಯಬಹುದಿತ್ತು’ ಎಂದು ಪೂರ್ತಿ ಆಜ್ಞೆಯನ್ನು ಪರದೆಯ ಮೇಲೆ ತೋರಿಸುತ್ತದೆ. ತಿಂಗಳೊಪ್ಪತ್ತಿನಲ್ಲಿ ಹೊಸಬರೂ ಆ ಸಾಲನ್ನೇ ನಕಲು ಮಾಡಿ ಟಿಪ್ಪಣಿಯಲ್ಲಿಟ್ಟುಕೊಳ್ಳತೊಡಗಿದರು. ಇಡೀ ಉಪಕರಣದಲ್ಲಿ ಅತಿ ಕಡಿಮೆ ಕೋಡ್ ಬೇಡಿ ಅತಿ ಹೆಚ್ಚು ಕಲಿಸಿದ ಭಾಗ ಇದು.

ಇಲ್ಲದವರನ್ನು ಕೇಳಿದ್ದು, ಇದ್ದವರನ್ನು ಇಲ್ಲವೆಂದದ್ದು

ಜನವರಿಯಲ್ಲಿ ರಾತ್ರಿಯ ಬ್ಯಾಕಪ್ಪನ್ನೂ ಮೊರಕ್ಕೇ ಒಪ್ಪಿಸಿದೆವು. ಮಿಲ್ಲುಗಳಲ್ಲಿರುವುದು ವಿಂಡೋಸ್, ಹಾಗಾಗಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಅದರ ಟಾಸ್ಕ್ ಶೆಡ್ಯೂಲರ್ ರಾತ್ರಿ ಮೊರವನ್ನು ಕರೆಯುತ್ತದೆ. ಒಂದು ಮಿಲ್ಲಿನಲ್ಲಿ ಡಿಸ್ಕ್ ತುಂಬುತ್ತ ಬಂದಿತ್ತು. ಮೊರ ಮರ್ಯಾದೆಯಿಂದ ಕೇಳಿತು: ‘ಜಾಗ ಕಡಿಮೆ ಇದೆ, ಹಳೆಯ ಬ್ಯಾಕಪ್ ಅಳಿಸಲೇ?’ ಕೇಳಿದ್ದು ರಾತ್ರಿ ಎರಡು ಗಂಟೆಗೆ, ಬೀಗ ಹಾಕಿದ ಕೋಣೆಯಲ್ಲಿ, ಯಾರಿಗೂ ಕಾಣದ ಕಿಟಕಿಯಲ್ಲಿ. ಉತ್ತರಕ್ಕಾಗಿ ಕಾಯುತ್ತ ಕೂತಿತು.

ಇಲ್ಲಿ ಟಾಸ್ಕ್ ಶೆಡ್ಯೂಲರಿನ ಎರಡು ಪೂರ್ವನಿಗದಿ ನಿಯಮಗಳು ಕೈ ಸೇರಿಸಿದವು. ಒಂದು, ಹಳೆಯ ಓಟ ಇನ್ನೂ ನಡೆಯುತ್ತಿದ್ದರೆ ಹೊಸದನ್ನು ಶುರು ಮಾಡಬೇಡ. ಎರಡು, ಒಂದು ಓಟವನ್ನು ಮೂರು ದಿನವಾದ ಮೇಲಷ್ಟೇ ನಿಲ್ಲಿಸು. ಅಂದರೆ ಒಂದು ಪ್ರಶ್ನೆ ಮೂರು ದಿನದ ಬ್ಯಾಕಪ್ಪನ್ನು ನುಂಗಬಲ್ಲದು. ಕೆಂಪು ಗುರುತೂ ಇಲ್ಲ. ಫಲಿತಾಂಶದ ಕಾಲಂನಲ್ಲಿ 0x41301 ಎಂದಿರುತ್ತದೆ, ಹಾಗೆಂದರೆ ‘ಕೆಲಸ ನಡೆಯುತ್ತಿದೆ’. ನಡೆಯುತ್ತಲೇ ಇತ್ತು, ಪಾಪ. ಬೇರೇನೋ ನೋಡಲು ಹೋದ ನಾನು ಫೋಲ್ಡರಿನಲ್ಲಿ ಕೊನೆಯ ಕಡತದ ತಾರೀಖು ಕಂಡು ಬೆಚ್ಚಿದೆ. ಆ ದಿನಗಳಲ್ಲಿ ರಿಸ್ಟೋರ್ ಬೇಕಾಗಲಿಲ್ಲ ಎಂಬುದು ನಮ್ಮ ಜಾಣತನವಲ್ಲ.

ಎದುರಿಗೆ ಮನುಷ್ಯರಿದ್ದಾರೋ ಇಲ್ಲವೋ ನೋಡುವ ಸಾಲೊಂದು ಕೋಡಿನಲ್ಲಿರಲಿಲ್ಲವೇ? ಇತ್ತು. ಯುನಿಕ್ಸ್ ಕಾಲದಿಂದ ಬಂದ ‘ಈಸ್-ಎ-ಟಿಟಿವೈ’ ಎಂಬ ಪ್ರಶ್ನೆ: ನನ್ನ ಒಳದಾರಿ ಟರ್ಮಿನಲ್ಲಿಗೆ ಜೋಡಿಸಿದೆಯೇ, ಅಥವಾ ಕಡತಕ್ಕೋ, ಇನ್ನೊಂದು ಪ್ರೋಗ್ರಾಮಿನಿಂದ ಬರುವ ಪೈಪಿಗೋ? ಲಿನಕ್ಸಿನ ಶೆಡ್ಯೂಲರ್ ಆದ ಕ್ರಾನ್‌ನಲ್ಲಿ ಇದು ‘ಇಲ್ಲ’ ಎನ್ನುತ್ತದೆ. ಆದರೆ ವಿಂಡೋಸ್ ಆ ಕಾಣದ ಓಟಕ್ಕೂ ಒಂದು ಕನ್ಸೋಲ್, ಅಂದರೆ ತನ್ನ ರೀತಿಯ ಟರ್ಮಿನಲ್, ಕೊಟ್ಟಿತ್ತು. ಟರ್ಮಿನಲ್ ಇದೆ, ಆದರೆ ಅದರ ಮುಂದೆ ಯಾರೂ ಇಲ್ಲ. ಮೊರ ಖಾಲಿ ಕುರ್ಚಿಯೊಂದಿಗೆ ಮಾತಾಡಿತ್ತು.

ಅದೇ ವಾರ ಇದರ ತದ್ವಿರುದ್ಧ. ನಮ್ಮಲ್ಲಿ ಇಬ್ಬರು ಲ್ಯಾಪ್‌ಟಾಪಿನಲ್ಲಿ, ವಿಂಡೋಸಿನಲ್ಲೇ ಯುನಿಕ್ಸ್ ರೀತಿಯ ಆಜ್ಞೆ ಕೊಡಲು ಬರುವ ಗಿಟ್ ಬ್ಯಾಶ್ ಬಳಸುತ್ತಾರೆ. ಅವರು ಮೊರ ಓಡಿಸಿದರೆ ‘ಎದುರಿಗೆ ಯಾರೂ ಇಲ್ಲ, ಕೆಲಸ ನಿಲ್ಲಿಸುತ್ತಿದ್ದೇನೆ’ ಎಂದು ಹೊರಟುಹೋಗುತ್ತಿತ್ತು. “ಯಪ್ಪಾ, ನಾ ಇಲ್ಲೇ ಕುಂತೀನಲ್ಲೋ!” ಎಂದು ಒಬ್ಬ ಪರದೆಗೆ ಕೂಗಿದ. ಕಾರಣ, ಗಿಟ್ ಬ್ಯಾಶಿನ ಕಿಟಕಿಯಾದ ಮಿನ್‌ಟಿಟಿವೈ ಯುನಿಕ್ಸ್ ರೀತಿಯ ಟರ್ಮಿನಲ್. ವಿಂಡೋಸಿಗೆಂದೇ ಕಟ್ಟಿದ ಪೈಥಾನಿಗೆ ಅದು ಕನ್ಸೋಲಾಗಿ ಕಾಣದೆ ಬರೀ ಪೈಪಾಗಿ ಕಂಡಿತ್ತು. ಆಜ್ಞೆಯ ಮುಂದೆ ‘ವಿನ್‌ಪಿಟಿವೈ’ ಎಂದು ಸೇರಿಸಿದರೆ ಸರಿಹೋಗುತ್ತದೆ, ಆದರೆ ಅದು ಗೊತ್ತಿರಬೇಕಲ್ಲ.

ಮನುಷ್ಯ ಇಲ್ಲದಲ್ಲಿ ಇದ್ದಾನೆಂದುಕೊಂಡದ್ದು, ಇದ್ದಲ್ಲಿ ಇಲ್ಲವೆಂದುಕೊಂಡದ್ದು. ಎರಡೂ ಒಂದೇ ವಾರದಲ್ಲಿ ಆದದ್ದರಿಂದ ಊಹೆ ಮಾಡುವುದನ್ನೇ ಕಡಿಮೆ ಮಾಡಿದೆವು. ‘ಕೇಳಬೇಡ’ ಎಂಬ ಆಯ್ಕೆಯೊಂದನ್ನು ಸೇರಿಸಿ, ಶೆಡ್ಯೂಲರಿನ ಪ್ರತಿ ಆಜ್ಞೆಗೂ ಅದನ್ನು ಕಡ್ಡಾಯ ಮಾಡಿದೆವು. ಅದು ಇದ್ದಾಗ ಮೊರಕ್ಕೆ ಏನಾದರೂ ಗೊತ್ತಾಗದಿದ್ದರೆ ತಕ್ಷಣ ನಿಲ್ಲುತ್ತದೆ, ಕೆಲಸ ಕೆಟ್ಟಿತೆಂದು ತಿಳಿಸಲು ಸೊನ್ನೆಯಲ್ಲದ ನಿರ್ಗಮನ ಸಂಖ್ಯೆ ಕೊಡುತ್ತದೆ, ಏನು ಸಾಲದಾಯಿತು ಎಂದು ಒಂದು ಸಾಲು ಬರೆಯುತ್ತದೆ. ಆ ಆಯ್ಕೆ ಇಲ್ಲದೆ, ಟರ್ಮಿನಲ್ಲೂ ಕಾಣದೆ ಹೋದರೆ, ಗಿಟ್ ಬ್ಯಾಶಿನವರಿಗೆ ಏನು ಮಾಡಬೇಕೆಂದು ಹೇಳಿ ನಿಲ್ಲುತ್ತದೆ. ಪ್ರಶ್ನೆ ಕೇಳಿದಾಗಲೂ ಐದು ನಿಮಿಷ ಕಾದು ಹೊರಡುತ್ತದೆ. ಶೆಡ್ಯೂಲರಿನಲ್ಲಿ ಮೂರು ದಿನದ ಗಡುವನ್ನು ಒಂದು ತಾಸಿಗೆ ಇಳಿಸಿದೆವು.

ಸಣ್ಣದೊಂದು ಇದರ ಜೊತೆಗೇ ಹೇಳಿಬಿಡುತ್ತೇನೆ. ಮಿಲ್ಲುಗಳ ಪಟ್ಟಿಯನ್ನು ಕಡತಕ್ಕೆ ತಿರುಗಿಸಿದರೆ ಪ್ರಶ್ನೆಯೂ ಕಡತದೊಳಗೇ ಹೋಗಿ ಕೂರುತ್ತಿತ್ತು, ಪರದೆ ಖಾಲಿ. ಉತ್ತರವನ್ನು ಕಡತಕ್ಕೆ ತಿರುಗುವ ದಾರಿಯಾದ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ, ಪ್ರಶ್ನೆ ಮತ್ತು ಗೊಣಗಾಟವನ್ನು ಪರದೆಯಲ್ಲೇ ಉಳಿಯುವ ಸ್ಟ್ಯಾಂಡರ್ಡ್ ಎರರ್‌ಗೆ ಕಳಿಸಿದೆವು, ಮುಗಿಯಿತು. ಮೊದಲ ದಿನವೇ ಮಾಡಬೇಕಿದ್ದ ಕೆಲಸ.

ಕನ್ನಡದಲ್ಲಿ ಕೇಳುವ ಆಸೆ

ಮೊರದ ಪ್ರಶ್ನೆಗಳು ಕನ್ನಡದಲ್ಲಿರಲಿ ಎಂಬುದು ನನ್ನ ಹಟ. ಮಾಡಿದೆವು, ಅದು ಕೆಟ್ಟಿತು. ಕೆಟ್ಟದ್ದು ಯಾಕೆ ಎನ್ನುವುದು ನನಗೆ ಈ ಪ್ರಕರಣದಲ್ಲೇ ಹೆಚ್ಚು ರುಚಿಸಿದ ಭಾಗ.

ಇವತ್ತಿನ ಟರ್ಮಿನಲ್ ಕಿಟಕಿಗಳು ಅನುಕರಿಸುವುದು 1978ರಲ್ಲಿ ಬಂದ ಡಿಇಸಿ ಕಂಪನಿಯ ವಿಟಿ-100 ಎಂಬ ಟರ್ಮಿನಲ್ ಯಂತ್ರದ ವಂಶವನ್ನು. 80 ಕಾಲಂ, 24 ಸಾಲಿನ ಚೌಕುಳಿ, ಒಂದು ಅಕ್ಷರಕ್ಕೆ ಒಂದು ಮನೆ. ಕನ್ನಡ ಹೀಗೆ ಮನೆ ಹಿಡಿದು ಕೂರುವ ಲಿಪಿಯಲ್ಲ. ‘ಗಂಗಾವತಿ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಸೊನ್ನೆ, ದೀರ್ಘ, ಗುಡಿಸುಗಳನ್ನು ಬಿಡಿಯಾಗಿ ಎಣಿಸಿದರೆ ಏಳು. ಅದನ್ನೇ ಕಡತದಲ್ಲಿ ಬರೆದಿಡುವ ಯುಟಿಎಫ್-8 ರೀತಿಯಲ್ಲಿ 21 ಬೈಟು. ಇದಕ್ಕೆ ಚೌಕುಳಿಯಲ್ಲಿ ಎಷ್ಟು ಮನೆ? ಲೈಬ್ರರಿ ಒಂದು ಲೆಕ್ಕ ಹಾಕುತ್ತದೆ, ಫಾಂಟು ಇನ್ನೊಂದು ಅಗಲದಲ್ಲಿ ಬರೆಯುತ್ತದೆ. ಬಾಣದ ಕೀಲಿ ಒತ್ತಿದಾಗಲೆಲ್ಲ ಪಟ್ಟಿಯನ್ನು ಅಳಿಸಿ ಬರೆಯಬೇಕು. ಲೆಕ್ಕ ತಪ್ಪಿದ್ದರಿಂದ ಹಿಂದಿನ ಸಾಲಿನ ಬಾಲ ಹಾಗೇ ಉಳಿಯುತ್ತಿತ್ತು. ಒತ್ತಕ್ಷರಗಳಂತೂ ಕೆಲವು ಕಿಟಕಿಗಳಲ್ಲಿ ಕಳಚಿ ಪಕ್ಕಕ್ಕೆ ಬಿದ್ದಿದ್ದವು. ‘ಸಿಂಧನೂರು’ ಆರಿಸಿದರೆ ಕೆಳಗೆ ‘ಕಾರಟಗಿ’ಯ ಕೊನೆಯ ಗುಡಿಸು ಜೋತಾಡುತ್ತಿತ್ತು. ತಪ್ಪು ಮಿಲ್ಲು ಆರಿಸದಿರಲೆಂದು ಮಾಡಿದ ಪಟ್ಟಿಯಲ್ಲೇ ಊರ ಹೆಸರು ಕಲಸಿಹೋದರೆ ಏನು ಬಂತು?

ಕೊನೆಗೆ ವಾಟ್ಸಾಪಿನಲ್ಲಿ ಎಲ್ಲರೂ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರಗಳ ಕನ್ನಡಕ್ಕೆ ಇಳಿದೆವು. ಬಾಣದ ಪಟ್ಟಿಯಲ್ಲಿ ಅದು, ಕರ್ಸರ್ ಹಿಂದೆಮುಂದೆ ಓಡಾಡಬೇಕಿಲ್ಲದ ಬಿಡಿ ಸಾಲುಗಳಲ್ಲಿ ಕನ್ನಡ ಲಿಪಿಯದೇ ಕನ್ನಡ. ನನಗೆ ಇದು ಈಗಲೂ ಸೋಲೇ.

ವಾಪಸು ಬರುವ ದಾರಿ

ಪ್ರಶ್ನೆಯ ಹಿಂದೆ ಇಷ್ಟೆಲ್ಲ ಬಿದ್ದ ಮೇಲೆ ನಮಗೆ ತಡವಾಗಿ ಹೊಳೆದದ್ದೊಂದಿದೆ. ಅವತ್ತು ಕಾರಟಗಿಯಲ್ಲಿ ಆದ ನಷ್ಟಕ್ಕೆ ಪ್ರಶ್ನೆ ಸರಿಯಿಲ್ಲದ್ದು ಅರ್ಧ ಕಾರಣ, ‘ಕ್ಲೀನ್’ ಆಯ್ಕೆ ಇನ್ನರ್ಧ. ಈಗ ಮೊರ ಇರುವ ಡೇಟಾಬೇಸನ್ನು ಮುಟ್ಟುವುದೇ ಇಲ್ಲ. ಪಕ್ಕದಲ್ಲಿ ಖಾಲಿಯದೊಂದನ್ನು ಮಾಡಿ ಅದರೊಳಗೆ ರಿಸ್ಟೋರ್ ಮಾಡುತ್ತದೆ. ಚೀಟಿಗಳ ಎಣಿಕೆ ಸರಿಯಿದ್ದರೆ ಸಂಪರ್ಕಗಳನ್ನು ಕಡಿದು ಹಳೆಯದರ ಹೆಸರಿಗೆ ತಾರೀಖು ಅಂಟಿಸಿ ಬದಿಗಿಡುತ್ತದೆ, ಹೊಸದಕ್ಕೆ ಆ ಹೆಸರು ಕೊಡುತ್ತದೆ. ಹಳೆಯದು ಏಳು ದಿನ ಹಾಗೇ ಇರುತ್ತದೆ. ನಡುವೆ ಕರೆಂಟು ಹೋದರೆ ಅರೆಬೆಂದದ್ದು ಹೊಸದು ಮಾತ್ರ, ಮಿಲ್ಲು ಹಳೆಯದರಲ್ಲೇ ನಡೆಯುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿರುವ ಮಿಲ್ಲುಗಳ ಸಂಖ್ಯೆ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಇಷ್ಟಾದ ಮೇಲೆ ಖಚಿತವೇ ಎಂಬ ಪ್ರಶ್ನೆಗೆ ಬಂದೆವು. ಪರೀಕ್ಷಾ ಮಷಿನ್ನಿಗೆ ಅದನ್ನು ತೆಗೆದೇ ಹಾಕಿದೆವು, ಬೆರಳಿಗೆ ವೈ ಒತ್ತುವ ಚಾಳಿ ಬೀಳದಿರಲಿ ಎಂದು. ಮಿಲ್ಲಿನ ಡೇಟಾಬೇಸಾದರೆ ಮೊದಲು ಮಿಲ್ಲಿನ ಹೆಸರು ಟೈಪು ಮಾಡಿಸಿ ನೋಡಿದೆವು. ಆದರೆ ನಮ್ಮ ಕಡೆ ಮಿಲ್ಲುಗಳ ಹೆಸರು ನಿಮಗೆ ಗೊತ್ತಲ್ಲ. ಅದೇ ನಾಲ್ಕಾರು ದೇವರು, ಮುಂದೆ ಶ್ರೀ, ಹಿಂದೆ ರೈಸ್ ಇಂಡಸ್ಟ್ರೀಸ್. ಎಲ್ಲರೂ ಪರದೆಯಿಂದಲೇ ನಕಲು ಮಾಡಿ ಅಂಟಿಸತೊಡಗಿದರು.

ಆಮೇಲೆ ಪ್ರಶ್ನೆಯ ಮೇಲಿನ ಸಾಲು ಬದಲಾಯಿಸಿದೆವು. ‘ಎಚ್ಚರಿಕೆ’ ಎಂಬ ಪದ ತೆಗೆದು, ‘ಈ ಡೇಟಾಬೇಸಿನಲ್ಲಿ ಕೊನೆಯ ಕಾಂಟಾ ಚೀಟಿ ಆದದ್ದು 11 ನಿಮಿಷದ ಹಿಂದೆ’ ಎಂದು ತೋರಿಸಿದೆವು. ಪರೀಕ್ಷಾ ಮಷಿನ್ನಿನಲ್ಲಿ 11 ನಿಮಿಷದ ಹಿಂದೆ ಯಾರೂ ಭತ್ತ ತೂಗಿರುವುದಿಲ್ಲ. ಈ ಸಾಲೊಂದು ಅವತ್ತು ಇದ್ದಿದ್ದರೆ ಅವಳು ವೈ ಒತ್ತುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಅವಳು ಒಪ್ಪಲಿಲ್ಲ. “ಓದಿದ್ರ ಅಲ್ಲ ಸರ್? ನಾ ಅವತ್ತು ಓದಿರಲೇ ಇಲ್ಲ.”

ಹಾಗಾಗಿ ಅವಳೇ ಇನ್ನೊಂದು ಸೇರಿಸಿದಳು. ಮೊರ ಈಗ ಆ ಕೊನೆಯ ಚೀಟಿಯ ನಂಬರ್ ಕೇಳುತ್ತದೆ, ತೋರಿಸುವುದಿಲ್ಲ. ಅದು ಮಿಲ್ಲಿನಲ್ಲಿ ಕೂತವರಿಗೆ ಮಾತ್ರ ಗೊತ್ತು, ಫೋನು ಮಾಡಿ ಕೇಳಲೇಬೇಕು. ಫೋನು ಮಾಡಿದರೆ ನಾವೇನು ಮಾಡಲು ಹೊರಟಿದ್ದೇವೆಂದು ಅವರಿಗೂ ಗೊತ್ತಾಗುತ್ತದೆ. ಗುಮಾಸ್ತರು ಫೋನ್ ಎತ್ತದಿದ್ದರೆ ಏನು ಎಂದು ಅಣ್ಣ ಬಹಳ ವಾದ ಮಾಡಿದರು. ಎತ್ತದಿದ್ದರೆ ಆಗ ರಿಸ್ಟೋರ್ ಬೇಡ ಎಂದು ಅವಳು.

ಏಪ್ರಿಲ್ ಕೊನೆಗೆ, ಬೇಸಿಗೆಯ ಭತ್ತ ಬರುತ್ತಿದ್ದಾಗ, ಅದೇ ಕಾರಟಗಿಯ ಮಿಲ್ಲಿಗೆ ನಿಜಕ್ಕೂ ರಿಸ್ಟೋರ್ ಬೇಕಾಯಿತು. ಅವಳೇ ಕೂತಳು. ಮೊರ ನಂಬರ್ ಕೇಳಿತು. ಅವಳು ಸ್ಪೀಕರಿಗೆ ಹಾಕಿ ಫೋನು ಹಚ್ಚಿದಳು.

“ಕಾಕಾ, ಕೊನೇ ಕಾಂಟಾ ಚೀಟಿ ನಂಬರ್ ಎಷ್ಟ್ರಿ?”

“ಯಾವುದು ಹೇಳ್ಲೆವಾ? ನೆಲ್ಲಿನ ಲಾರಿ ಇನ್ನಾ ಕಾಂಟಾದ ಮ್ಯಾಲೆ ನಿಂತೈತಿ. ತಡಿ, ತೂಕ ಆಗ್ಲಿ.”

ಅವಳು ಕೀಬೋರ್ಡಿನಿಂದ ಕೈ ತೆಗೆದು, ಕೆಳಗಿನ ಹೋಟೆಲಿಗೆ ಐದು ಚಹಾ ಹೇಳಿದಳು.